ಮೂಟೆಗೊಂದು ಹಿಡಿ

ಹೂಂ ಅನ್ನೋರು ಒಬ್ಬರಿದ್ದರೂ ಸಾಕು, ಕತೆ ನಡೀತದೆ. ಹೂಂ ಅಂತೀರಾ? ಹಂಗಾದ್ರೆ ಕೇಳಿ.

ಒಂದು ಹಳ್ಳ. ಹಳ್ಳದ ಈ ಕಡೆ ದಿಬ್ಬದ ಮೇಲೆ ಹುಣಸೆಪೇಟೆ, ಆ ಕಡೆ ತಗ್ಗಿನಲ್ಲಿ ಈಚಲಪೇಟೆ. ಎರಡಕ್ಕೂ ಒಬ್ಬೊಬ್ಬ ನಾಯಕ. ಆ ನಾಯಕರಿಬ್ಬರೂ ಷಡ್ಡಕರು, ಅಕ್ಕತಂಗಿಯರನ್ನ ಮದುವೆ ಆದೋರು. ಷಡ್ಡಕರು ಅಂದಮೇಲೆ ಗೊತ್ತಲ್ಲ, ಒಬ್ಬ ಹೊಸ ರುಮಾಲು ಸುತ್ತಿದರೆ ಇನ್ನೊಬ್ಬನಿಗೆ ತಲೆನೋವು.

ಹುಣಸೆಪೇಟೆ ಬಾಗಿಲಲ್ಲಿ ಒಂದು ಸುಂಕದ ಕಟ್ಟೆ. ವ್ಯಾಪಾರಿಗಳು ಅಲ್ಲಿ ಎತ್ತು ನಿಲ್ಲಿಸಿ ಸುಂಕ ಕೊಟ್ಟು ಒಳಗೆ ಹೋಗಬೇಕು. ಸುಂಕ ಅಂದ್ರೆ ದುಡ್ಡಲ್ಲ, ಮೂಟೆಗೊಂದು ಹಿಡಿ ಕಾಳು. ಬೇಸಿಗೇಲಿ ಕೆರೆ ಏರಿಗೆ ಮಣ್ಣು ಹೊರೋರಿಗೆ ಆ ಕಾಳೇ ಕೂಲಿ. ಸುಂಕ ಬಂದರೆ ಮಣ್ಣು, ಮಣ್ಣು ಬಿದ್ದರೆ ಏರಿ, ಏರಿ ನಿಂತರೆ ಊರು. ಹಿರೀಕರು ಅಷ್ಟು ಸಲೀಸಾಗಿ ಮಾಡಿಟ್ಟಿದ್ದರು.

ಆ ಏರಿಯ ಬುಡದಲ್ಲೇ ಮಾರಕ್ಕನ ಗುಡಿಸಲು. ಮಾರಕ್ಕನ ಗಂಡ ಕಟ್ಟೆ ಕಾಯ್ತಿದ್ದ, ತೀರಿಕೊಂಡ. ಕಟ್ಟೆ ಕೆಲಸ ಮಗನಿಗೆ ಬಂತು. ಮಗ ಅಂದ್ರೆ ಸಣ್ಣೋಬ. ಆಳು ನೋಡಿದರೆ ಬಾಗಿಲು ತುಂಬಾ, ತಲೆ ನೋಡಿದರೆ ಖಾಲಿ ಗುಡಾಣ. ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ, ಒಂದು ಕೂದಲೆಳೆ ಆ ಕಡೆ ಇಲ್ಲ, ಈ ಕಡೆ ಇಲ್ಲ. ಅದೇ ಅವನ ಗುಣ, ಅದೇ ಅವರಮ್ಮನ ಗೋಳು.

ಮೊದಲನೇ ದಿನ ಮಾರಕ್ಕ ಬುತ್ತಿ ಕಟ್ಟಿಕೊಟ್ಟು ಹೇಳಿದಳು, "ಲೋ ಮಗಾ, ನಿಮ್ಮಪ್ಪನ ಮಾತು ನೆನಪಿಟ್ಕೋ. ಮೂಟೆಗೊಂದು ಹಿಡಿ. ಯಾರನ್ನೂ ಬಿಡಬ್ಯಾಡ. ಏರಿ ಹೋದ್ರೆ ಮೊದ್ಲು ಹೋಗೋದು ನಮ್ಮ ಗುಡಿಸ್ಲು!"

"ಹಂಗೇ ಮಾಡ್ತೀನಿ ಕಣವ್ವಾ!"

ಮೊದಲು ಬಂದೋನು ಬಳೆಗಾರ. ಬೆನ್ನ ಮೇಲೆ ಬಳೆ ಮೂಟೆ.

"ಇಳ್ಸಿ ಯಜಮಾನ್ರೇ, ಮೂಟೆಗೊಂದು ಹಿಡಿ!"

"ಲೋ, ಇದು ಕಾಳಲ್ಲ ಕಣೋ, ಬಳೆ!"

"ಮೂಟೆ ಹೌದೋ ಅಲ್ವೋ?"

"ಮೂಟೆ ಹೌದು."

ಸಣ್ಣೋಬ ಮೊಣಕೈವರೆಗೂ ಕೈ ಹಾಕಿದ, ಹಿಡಿ ತುಂಬಾ ಹಿಡಿದ, ಬಿಗಿಯಾಗಿ ಹಿಡಿದ. ಪಟಪಟಪಟಾ! ಬಳೆಗಾರ ಬಾಯಿ ಬಡಕೊಂಡು ಹಳ್ಳ ದಾಟಿ ಈಚಲಪೇಟೆಗೆ ಹೋದ. ಸಣ್ಣೋಬ ಅಂಗೈ ತುಂಬಾ ರಕ್ತ, ಮೂರು ಬಣ್ಣದ ಗಾಜು ತಂದು ಅವ್ವನ ಮುಂದೆ ಸುರಿದ.

"ಅಯ್ಯೋ ನನ್ನ ಕರ್ಮವೇ! ಬಂದೋರ ಗಂಟಿಗೆ ಹಂಗೆ ನುಗ್ತಾರೇನೋ?" ಮಾರಕ್ಕ ಸೆರಗು ಹರಿದು ಕೈಗೆ ಸುತ್ತಿದಳು. ಸುತ್ತುತ್ತಾ ಬೈದಳು, ಬೈಯುತ್ತಾ ಊದಿದಳು. "ಮೊದ್ಲು ಉಪಚಾರ ಮಾಡ್ಬೇಕು ಕಣೋ. ಬಿಸ್ಲಲ್ಲಿ ಬಂದಿರ್ತಾರೆ. ಎತ್ತಿನ ಮೈಮೇಲೆ ನಾಕು ಕೊಡ ನೀರು ಹುಯ್ಯಿ, ತಂಪಾಗ್ಲಿ. ಆಮೇಲೆ ಹಿಡಿ ಕೇಳು."

"ಹಂಗೇ ಮಾಡ್ತೀನಿ ಕಣವ್ವಾ!"

ಮಾರನೇ ದಿನ ಬಂದೋನು ಉಪ್ಪಿನ ಸೆಟ್ಟಿ. ಆರು ಎತ್ತು, ಎತ್ತಿಗೆರಡು ಮೂಟೆ ಉಪ್ಪು. ಸೆಟ್ಟಿ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ಳೋದರೊಳಗೆ ಸಣ್ಣೋಬ ಕೆರೆಗೂ ಕಟ್ಟೆಗೂ ಇಪ್ಪತ್ತನಾಲ್ಕು ಸಲ ತಿರುಗಿದ. ಒಂದೊಂದು ಎತ್ತಿಗೂ ನಾಕು ಕೊಡ, ಲೆಕ್ಕ ತಪ್ಪಲಿಲ್ಲ. ಸೆಟ್ಟಿ ಉಗುಳಿ ಬರೋ ಹೊತ್ತಿಗೆ ಮೂಟೆಗಳೆಲ್ಲಾ ಜೋತುಬಿದ್ದು ಎತ್ತುಗಳು ಹಗುರಾಗಿ ಬಾಲ ಆಡಿಸ್ತಿದ್ದವು.

"ಏನೋ ಮಾಡ್ದೆ ಮುಠ್ಠಾಳಾ!"

"ಉಪಚಾರ, ಸೆಟ್ರೇ! ಈಗ ಮೂಟೆಗೊಂದು ಹಿಡಿ."

ಹಿಡಿ ಎಲ್ಲಿಂದ ಬಂತು? ಉಪ್ಪೆಲ್ಲಾ ನೆಲದ ಪಾಲು. ಸೆಟ್ಟಿ ಹಿಡಿ ಹಿಡಿ ಶಾಪ ಹಾಕಿ ಈಚಲಪೇಟೆ ದಾರಿ ಹಿಡಿದ.

"ಅಯ್ಯೋ ನನ್ನ ಕರ್ಮವೇ! ಸರಕಿಗೆ ನೀರು ಸೋಕಿಸ್ತಾರೇನೋ? ಒಣಗಿದ್ದು ಒಣಗಿದಂಗಿರ್ಬೇಕು. ಇನ್ಮೇಲೆ ಯಾರ್ ಬಂದ್ರೂ ಹೊರೆ ಇಳ್ಸಿ, ಮೇಲೊಂದು ಕಂಬ್ಳಿ ಹೊದ್ಸು. ಒಂದು ಹನಿ ತಾಕ್ಬಾರ್ದು!"

"ಹಂಗೇ ಮಾಡ್ತೀನಿ ಕಣವ್ವಾ!"

ಮಾರನೇ ದಿನ ಬಂದೋನು ವೀಳ್ಯದೆಲೆ ವ್ಯಾಪಾರಿ. ವೀಳ್ಯದೆಲೆಗೆ ಗಳಿಗೆಗೊಂದು ಸಲ ನೀರು ಚಿಮುಕಿಸ್ತಾ ಇರಬೇಕು. ಹಸುಗೂಸು ಸಾಕಿದಂಗೆ ಅದು. ಪಾಪ, ವ್ಯಾಪಾರಿ ಹೇಳಿದ, "ಅಪ್ಪಾ, ನಂಗೆ ಕಣ್ಣೆಳೀತಾ ಐತೆ. ಎಲೆ ಪೆಂಡಿ ಸ್ವಲ್ಪ ನೋಡ್ಕೋ."

ಸಣ್ಣೋಬ ನೋಡಿಕೊಂಡ. ಕಂಬಳಿ ಹೊದಿಸಿದ, ಅದರ ಮೇಲೆ ಇನ್ನೊಂದು ಹೊದಿಸಿದ, ಬಿಸಿಲಿಗೆ ಇಟ್ಟು ಪಕ್ಕದಲ್ಲೇ ಕೂತು ನೋಡಿಕೊಂಡ. ವ್ಯಾಪಾರಿ ಎದ್ದು ಕಂಬಳಿ ತೆಗೆದರೆ ಎಲೆ ಎಲ್ಲಾ ಬೆಂದ ಸೊಪ್ಪು. ಅವನೂ ಈಚಲಪೇಟೆಗೆ.

"ಅಯ್ಯೋ ನನ್ನ ಕರ್ಮವೇ!" ಮಾರಕ್ಕ ಒಲೆ ಮುಂದೆ ಕುಸಿದಳು. "ನಿನ್ ಬುದ್ದಿ ನೀನು ಓಡಿಸ್ಲೇಬ್ಯಾಡ ಕಣೋ. ಬಂದೋರ್ನೇ ಕೇಳು, ಏನ್ ಮಾಡ್ಲಿ ಅಂತ. ಅವ್ರು ಹೇಳಿದಂಗೆ ಮಾಡು."

"ಹಂಗೇ ಮಾಡ್ತೀನಿ ಕಣವ್ವಾ!"

ಇರಲಿ, ಇತ್ತ ಹುಣಸೆಪೇಟೆ ಅರಮನೆ ಕಡೆ ಬನ್ನಿ. ನಾಯಕ ಮಾಳಿಗೆ ಮೇಲೆ ನಿಂತು ನೋಡ್ತಾನೆ, ವ್ಯಾಪಾರಿಗಳೆಲ್ಲಾ ಹಳ್ಳ ದಾಟ್ತಾ ಅವರೆ. ಪಾರುಪತ್ತೇಗಾರನನ್ನ ಕರೆದ. ನಾಯಕನ ವಹಿವಾಟೆಲ್ಲಾ ನೋಡೋನು ಅವನು.

"ಯಾಕಯ್ಯಾ ಹೋಗ್ತಾರೆ?"

"ಅಲ್ಲಿ ಸುಂಕ ಕಮ್ಮಿ, ಬುದ್ದೀ."

ಅಲ್ಲೂ ಮೂಟೆಗೊಂದೇ ಹಿಡಿ! ಇವರೆಲ್ಲಾ ಹೋಗಿದ್ದು ಸಣ್ಣೋಬನ ಕೈಗೆ ಹೆದರಿ. ಕಟ್ಟೆ ತನಕ ನಡೆದು ಬಂದು ಒಂದು ಮಾತು ಕೇಳಿದ್ದರೆ ತಿಳೀತಿತ್ತು. ಆದರೆ ಪಾರುಪತ್ತೇಗಾರನ ಹತ್ತಿರ ಯಾವ ಕಾಯಿಲೆಗೂ ಒಂದೇ ಕಷಾಯ, ಸುಂಕ ಇಳಿಸು.

"ಹಂಗಾದ್ರೆ ತಮಟೆ ಹೊಡೆಸು! ಎರಡು ಮೂಟೆಗೊಂದು ಹಿಡಿ!"

ಈಚಲಪೇಟೆ ನಾಯಕ ಕೇಳಿಸಿಕೊಂಡ. ಷಡ್ಡಕ ಇಳಿಸಿದಮೇಲೆ ಇವನು ಸುಮ್ಮನಿದ್ದಾನಾ? "ಹೊಡೆಸು ತಮಟೆ! ಐದು ಮೂಟೆಗೊಂದು ಹಿಡಿ!"

"ಹತ್ತಕ್ಕೊಂದು!"

"ಇಪ್ಪತ್ತಕ್ಕೊಂದು!"

"ನಮ್ಮಲ್ಲಿ ಸುಂಕವೇ ಇಲ್ಲ!"

"ನಮ್ಮಲ್ಲೂ ಇಲ್ಲ! ಬಂದೋರಿಗೆ ನಾವೇ ಮೂಟೆಗೊಂದು ಹಿಡಿ ಹಾಕ್ತೀವಿ!"

ವ್ಯಾಪಾರಿಗಳು ಏನು ಮಾಡಿದರು ಗೊತ್ತಾ? ದಾರಿ ಕವಲಾಗೋ ಕಡೆ ಕಂಬಳಿ ಹಾಸಿದರು, ಬುತ್ತಿ ಬಿಚ್ಚಿದರು. ಆ ಕಡೆ ತಮಟೆಗೊಂದು ಕಿವಿ, ಈ ಕಡೆ ತಮಟೆಗೊಂದು ಕಿವಿ. "ಈಗ್ಲೇ ಯಾಕೆ ಎದ್ದೇಳೋದು? ಇನ್ನೊಂದು ತಮಟೆ ಕೇಳಿಕೊಂಡೇ ಹೋಗಾನ" ಅಂದರು. ತಪ್ಪೇನು? ನಾನಾಗಿದ್ದರೂ ಕೂರ್ತಿದ್ದೆ, ನೀವೂ ಕೂರ್ತಿದ್ರಿ.

ಹುಣಸೆಪೇಟೆ ನಾಯಕ ಮೀಸೆ ತಿರುವಿದ. "ಅವ್ನು ಒಂದು ಹಿಡಿ ಹಾಕಿದ್ರೆ ನಾವು ಎರಡು!" ಕಣಜದಿಂದ ರಾಗಿ ಹೊರಿಸಿ ಕಟ್ಟೆ ಮೇಲೆ ರಾಶಿ ಹಾಕಿಸಿದ. ಸಣ್ಣೋಬನಿಗೆ ಅಪ್ಪಣೆ ಆಯಿತು, ಇನ್ಮೇಲೆ ತಗೋಬೇಡ, ಕೊಡು.

ಬಂದೋನು ಹುರುಳಿ ವ್ಯಾಪಾರಿ, ಹೆಸರು ಕಾಟಯ್ಯ, ಭಾರಿ ಚಾಲಾಕಿ. ಹನ್ನೊಂದು ಮೂಟೆ ಹುರುಳಿ.

ಅವ್ವ ಹೇಳಿದ್ದು ನೆನಪಿತ್ತಲ್ಲ, ಸಣ್ಣೋಬ ಕೇಳಿದ, "ಏನ್ ಮಾಡ್ಲಿ ಯಜಮಾನ್ರೇ?"

"ಮೂಟೆಗೆರಡು ಹಿಡಿ ಹಾಕಪ್ಪಾ."

ಹಾಕಿದ. ಕಾಟಯ್ಯ ಮುಂದಿನ ಬಾಗಿಲಲ್ಲಿ ಹೋದ, ಹಿಂದಿನ ದಿಡ್ಡಿ ಬಾಗಿಲಲ್ಲಿ ಹೊರಬಿದ್ದ, ಬಳಸಿಕೊಂಡು ಮತ್ತೆ ಕಟ್ಟೆಗೆ ಬಂದ.

"ನಿಮ್ಮಂಗೇ ಒಬ್ರು ಈಗ ತಾನೇ ಬಂದಿದ್ರು ಯಜಮಾನ್ರೇ!"

"ಅವ್ನು ನಮ್ಮಣ್ಣ."

"ಎತ್ತುಗಳೂ ಇಂಗೇ ಇದ್ವು!"

"ಅವು ಈ ಎತ್ತುಗಳ ಅಣ್ಣಂದಿರು."

"ಓಹೋ! ಹಂಗಾದ್ರೆ ಏನ್ ಮಾಡ್ಲಿ?"

"ಹಾಕು ಎರಡೆರಡು!"

ಹಿಂಗೇ ಅಣ್ಣಂದಿರು ತಮ್ಮಂದಿರು ಬಂದರು, ಹೋದರು, ಬಂದರು. ತಿಂಗಳು ತುಂಬೋದರೊಳಗೆ ರಾಶಿ ಕರಗಿತು, ಕಣಜ ತಳ ಕಂಡಿತು. ಪೇಟೆ ಒಳಗೆ ಒಂದು ಅಂಗಡಿ ಹೆಚ್ಚಿಗೆ ತೆರೀಲಿಲ್ಲ. ಏರಿ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಮಣ್ಣು ಹೊರೋರು ಬಂದು ಕೇಳಿದರು, ಕೂಲಿ ಕಾಳಿಲ್ಲ ಅಂದಮೇಲೆ ಬುಟ್ಟಿ ಬೋರಲು ಹಾಕ್ಕೊಂಡು ಹೋದರು.

ಮಾರಕ್ಕ ಮಾತ್ರ ದಿನಾ ಸಂಜೆ ಏರಿ ಹತ್ತಿ ನೋಡ್ತಿದ್ದಳು. ಒಂದು ಕಡೆ ಏಡಿ ಬಿಲ ದೊಡ್ಡದಾಗಿತ್ತು. ಕೈ ಇಟ್ಟರೆ ತಣ್ಣಗೆ. ಅವಳಿಗೆ ಊಟ ಸೇರ್ತಿರಲಿಲ್ಲ. ಆ ಗುಡಿಸಲಲ್ಲೇ ಗಂಡ ಸತ್ತಿದ್ದು, ಈ ಪೆದ್ದ ಹುಟ್ಟಿದ್ದು. ಅದು ಬಿಟ್ಟರೆ ಅವಳಿಗೆ ಇನ್ನೊಂದು ನೆರಳಿಲ್ಲ.

"ಲೋ, ಬಂದೋರು ಹೇಳಿದಂಗೆ ಮಾಡಿ ಊರು ತೊಳೆದಿಟ್ಟೆಯಲ್ಲೋ! ಇನ್ಮೇಲೆ ಯಾರ ಮಾತೂ ಕೇಳಬ್ಯಾಡ. ನನ್ ಮಾತೊಂದೇ ಕೇಳು!"

"ಹಂಗೇ ಮಾಡ್ತೀನಿ ಕಣವ್ವಾ!"

ಅದರ ಮರುದಿನ ಮಧ್ಯಾಹ್ನ ಮಳೆ ಬಂತು. ಅಂತಿಂಥ ಮಳೆ ಅಲ್ಲ. ಮತ್ತೊಂದು ಸುತ್ತು ಬಂದಿದ್ದ ಕಾಟಯ್ಯ ಹನ್ನೊಂದು ಮೂಟೆ ಕಟ್ಟೆ ಮೇಲೆ ಇಳಿಸಿ, ಎತ್ತು ಹೊಡಕೊಂಡು ಪೇಟೆ ಒಳಗಿನ ಮಂಟಪಕ್ಕೆ ಓಡಿದ. ಕೆರೆ ಉಬ್ಬಿತು. ಏಡಿ ಬಿಲದಿಂದ ನೀರು ಬುಳುಬುಳು ಅಂತ ಬಂತು. ಮಾರಕ್ಕ ಏರಿ ಮೇಲಿಂದ ಕೂಗಿದಳು, "ಸಣ್ಣೋಬಾ! ಏರಿ ತೂತಾಯ್ತು ಕಣೋ! ಕೈಗೆ ಸಿಕ್ಕಿದ್ದು ತಂದು ತುಂಬೋ!"

ಕೈಗೆ ಸಿಕ್ಕಿದ್ದು ಯಾವುದು? ಹುರುಳಿ ಮೂಟೆ. ಸಣ್ಣೋಬ ಹೆಗಲಿಗೊಂದರಂತೆ ಹೊತ್ತ, ತೂತಿಗೆ ತುರುಕಿದ, ತುಳಿದ, ಇನ್ನೊಂದು ತಂದ. ಹನ್ನೊಂದೂ ಹಾಕಿದ. ಹುರುಳಿ ನೆನೀತು, ಉಬ್ಬಿತು, ತೂತು ಗಚ್ಚು ಹಾಕಿದಂಗೆ ಕಚ್ಚಿಕೊಂತು. ನೀರು ನಿಂತಿತು. ಗುಡಿಸಲು ಉಳೀತು. ಹುಟ್ಟಿದಾಗಿಂದ ಮೊದಲನೇ ಸಲ ಮಾರಕ್ಕ ಮಗನ ಬೆನ್ನು ಸವರಿದಳು. ಅತ್ತಳು ಕೂಡಾ.

ಕಾಟಯ್ಯ ಸುಮ್ಮನಿದ್ದಾನಾ? ಅರಮನೆಗೆ ಹೋಗಿ ರಂಪ ಮಾಡಿದ. ನಾಯಕ ತನ್ನ ಕುದುರೆಗಳ ಹುರುಳಿ ಅಳೆದುಕೊಟ್ಟು ಬಾಯಿ ಮುಚ್ಚಿಸಿದ. ಆಮೇಲೆ ಏರಿ ಹತ್ತಿ ನೋಡಿದ. ಮಣ್ಣಿರಬೇಕಾದ ಕಡೆ ಹುರುಳಿ ಮೂಟೆ. ಅವನಿಗೂ ನಾಚಿಕೆ ಆಯಿತು.

"ಯಾರಯ್ಯಾ ಸುಂಕ ಇಳ್ಸು ಅಂದೋನು?"

ಪಾರುಪತ್ತೇಗಾರ ಆಕಾಶ ನೋಡಿದ.

"ಸಾಕು ಈ ಹುಚ್ಚು. ಷಡ್ಡಕ ಬೇಕಾದ್ರೆ ಅವನ ಅರಮನೇನೇ ಹಂಚ್ಲಿ. ನಮ್ಮಲ್ಲಿ ಹಳೇ ಸುಂಕ! ಮಳೆ ಬಿಡುವು ಕೊಟ್ಟ ಕೂಡ್ಲೇ ಮಣ್ಣು ಹಾಕ್ಸಿ. ಮೂಟೆಗೊಂದು ಹಿಡಿ!"

ಅಲ್ಲೇ ಅವ್ವನ ಪಕ್ಕ ನಿಂತಿದ್ದ ಸಣ್ಣೋಬ ಜಗ್ಗಲಿಲ್ಲ. "ನಮ್ಮವ್ವ ಹೇಳ್ಬೇಕು ಬುದ್ದೀ" ಅಂದ.

ನಾಯಕ ನಕ್ಕ. ಮಾರಕ್ಕನೂ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟು ದಿನದ ಮೇಲೆ ಬಂದ ನಗು! ಆ ಖುಷಿಯಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದಳು, "ಹೂಂ ಮಗಾ, ನಿಮ್ಮಪ್ಪ ಹೇಳ್ತಿದ್ದಂಗೇನೇ. ಮೂಟೆಗೊಂದು ಹಿಡಿ. ಹುಣಸೆಪೇಟೆ ಗಡಿ ಒಳಗೆ ಬಂದ ಒಂದ್ ಮೂಟೆನೂ ಬಿಡಬ್ಯಾಡ!"

"ಹಂಗೇ ಮಾಡ್ತೀನಿ ಕಣವ್ವಾ!"

ಸಣ್ಣೋಬ ಕಟ್ಟೆ ಮೇಲೆ ಕೂತ. ಒಂದು ದಿನ ಕೂತ, ಒಬ್ಬರೂ ಬರಲಿಲ್ಲ. ಈಚಲಪೇಟೇಲಿ ಹಿಡಿ ಹಿಡಿ ಕೊಡೋವಾಗ ಇಲ್ಲಿ ಕೊಡೋಕೆ ಯಾರು ಬರ್ತಾರೆ? ಎರಡು ದಿನ ಕೂತ, ಒಂದು ಎತ್ತಿನ ಗಂಟೆಯೂ ಇಲ್ಲ. ಮಳೆಯೂ ಬಿಡುವು ಕೊಡಲಿಲ್ಲ, ಏರಿಗೆ ಮಣ್ಣೂ ಬೀಳಲಿಲ್ಲ. ಮೂರನೇ ದಿನ ಕೂತು ಕೂತು ಯೋಚನೆ ಮಾಡಿದ. ಮಾಡಬಾರದಿತ್ತು, ಮಾಡಿದ. ಗಡಿ ಒಳಗೆ ಬಂದ ಒಂದು ಮೂಟೆನೂ ಬಿಡಬ್ಯಾಡ ಅಂದಳಲ್ಲ ಅವ್ವ. ಒಳಗೆ ಬಂದು, ಸುಂಕ ಕೊಡದೆ, ಹಾಯಾಗಿ ಕೂತಿರೋ ಮೂಟೆ ಯಾವುವು?

ಎದ್ದ. ಏರಿ ಹತ್ತಿದ.

ಮಾರಕ್ಕ ಒಲೆ ಮುಂದೆ ಮುದ್ದೆ ತಿರುವ್ತಿದ್ದಳು. ಬಾಗಿಲಲ್ಲಿ ಮಗ ನಿಂತ, ಮುಖ ತುಂಬಾ ನಗು, ಮಡಿಲು ತುಂಬಾ ನೆಂದ ಹುರುಳಿ.

"ಅವ್ವಾ! ಹನ್ನೊಂದು ಮೂಟೆ, ಹನ್ನೊಂದು ಹಿಡಿ! ಒಂದನ್ನೂ ಬಿಡ್ಲಿಲ್ಲ ಕಣವ್ವಾ!"

ಮಾರಕ್ಕ ಹುರುಳಿ ನೋಡಿದಳು. ಮಗನ ಮುಖ ನೋಡಿದಳು. ಅವನ ಹಿಂದೆ ಹೊಸಲಿನ ಹತ್ತಿರ ಸಣ್ಣಗೆ ಬರ್ತಿದ್ದ ನೀರು ನೋಡಿದಳು. ಬೈಯಲಿಲ್ಲ. ಮುದ್ದೆ ಗಡಿಗೆ ಒಂದು ಕಂಕುಳಲ್ಲಿ, ಮೂಲೇಲಿ ಕಟ್ಟಿದ್ದ ಆಡು ಇನ್ನೊಂದು ಕಂಕುಳಲ್ಲಿ, "ನಡಿ ಮಗಾ, ಕಟ್ಟೆ ಮೇಲಕ್ಕೆ" ಅಂದಳು.

ತಾಯಿ ಮಗ ಸುಂಕದ ಕಟ್ಟೆ ಮೇಲೆ ಕೂತು ಬಿಸಿ ಮುದ್ದೆ ಮುರೀತಾ ನೋಡಿದರು. ಏರಿ ಬಾಯಿಬಿಟ್ಟಿತು. ಗುಡಿಸಲು ಒಂದು ಸಲ ತೇಲಿ, ಒಂದು ಸಲ ತಿರುಗಿ, ಹೋಯಿತು. ಅದರ ಹಿಂದೆ ಇಡೀ ಕೆರೆ ನೀರು ಹಳ್ಳಕ್ಕೆ ಇಳಿದು, ಈಚಲಪೇಟೆ ಕಡೆಗೆ ಹೊರಟಿತು.

"ಅವ್ವಾ, ಕೆರೆನೂ ಆ ಕಡೆಗೇ ಹೋಯ್ತಲ್ಲ!"

"ಹೋಗ್ದೆ ಏನ್ ಮಾಡ್ತದೆ ಮಗಾ? ಅಲ್ಲಿ ಸುಂಕ ಇಲ್ವಲ್ಲ."

ಸಣ್ಣೋಬ ತುತ್ತು ಕೆಳಗಿಟ್ಟ. ಕಟ್ಟೆಯಿಂದ ಧುಮುಕಿ, ಮೊಣಕಾಲುದ್ದ ನೀರಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತ.

"ನಿಲ್ಲು! ಹೋಗೋ ಮುಂಚೆ ಒಂದು ಹಿಡಿ ಕೊಟ್ಟು ಹೋಗು!"

ಕೊಟ್ಟಿತೋ ಇಲ್ಲವೋ, ನೀರನ್ನೇ ಕೇಳಿ. ನನ್ನ ಹಿಡಿ ಮುಗೀತು.