ಗಡಿಕಲ್ಲಿನ ಬಳಿ ಕೊಟ್ಟ ಏಟು

“ಗುರುಗಳೇ, ಊರಿನ ಚರಿತ್ರೆ ಬರೆಯಲು ಹೊರಟಿದ್ದೇನೆ. ಎಲ್ಲಿಂದ ಶುರು ಮಾಡಲಿ?” ಎಂದು ಶಿಷ್ಯ ಕೇಳಿದ.

“ರಾಜರಿಂದ ಮಾತ್ರ ಬೇಡ. ಅವರು ತಮ್ಮದನ್ನು ತಾವೇ ಬರೆಸಿಟ್ಟು ಹೋಗಿರುತ್ತಾರೆ” ಎಂದ ಗುರುಗಳು ಈ ಕತೆ ಹೇಳಿದರು.

ಫ್ರಾನ್ಸ್ ದೇಶದಲ್ಲಿ ಒಂದು ಪುಟ್ಟ ಊರು. ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ತೊರೆ, ನಡುವೆ ನಲವತ್ತು ಮನೆ, ಒಂದು ಇಗರ್ಜಿ, ಗೋಧಿ ಹೊಲ. ಪಕ್ಕದ ಊರಿಗೂ ಇದಕ್ಕೂ ನಡುವೆ ಒಂದು ಗಡಿಕಲ್ಲು. ಹಳೆಯ ಕಲ್ಲು ತೆಗೆದು ಹೊಸದನ್ನು ನೆಟ್ಟಾಗಲೆಲ್ಲ ಊರಿನ ಒಬ್ಬ ಹುಡುಗನನ್ನು ಅಲ್ಲಿಗೆ ಕರೆದೊಯ್ದು, ಹೆತ್ತವರ ಕೈಯಿಂದಲೇ ಕೆನ್ನೆಗೆ ಹೊಡೆಸುವುದು ಅಲ್ಲಿಯ ಪದ್ಧತಿ. ಏಟು ತಿಂದವನು ಸಾಯುವ ತನಕ ಆ ಜಾಗ ಮರೆಯುವುದಿಲ್ಲವಂತೆ. ಹಿರಿಯರ ಬುದ್ಧಿ ಕೆಲವೊಮ್ಮೆ ಹೀಗೂ ಓಡುತ್ತದೆ.

ಒಂದು ಸಲ ಆ ಸರದಿ ಒಬ್ಬ ವಿಧವೆಯ ಮಗನಿಗೆ ಬಂತು. ತಾಯಿ ಮೆಲ್ಲಗೆ ತಟ್ಟಿದಳು. ಹಿರಿಯರು ಒಪ್ಪಲಿಲ್ಲ. ಆಗ ಬಲವಾಗಿ ಹೊಡೆದಳು. ಹುಡುಗ ಅಳಲಿಲ್ಲ, ಅವಳ ಮುಖ ನೋಡಿದ, ಅಷ್ಟೆ. ಹಿಂತಿರುಗುವಾಗ ಅವಳ ಕೈ ಹಿಡಿಯಲಿಲ್ಲ. ದೊಡ್ಡವನಾದ ಮೇಲೆ ಎಲ್ಲ ಹೇಳೋಣವೆಂದುಕೊಂಡಳು. ಅವನು ದೊಡ್ಡವನಾದ, ಅವಳಿಗೆ ಬಾಯಿ ಬರಲಿಲ್ಲ.

ಆಮೇಲೆ ಯುದ್ಧ ಬಂತು. ಸೈನ್ಯಕ್ಕೆ ಹೋದ ಮಗ ತಿರುಗಿ ಬರಲಿಲ್ಲ. ಯುದ್ಧ ಊರಿನ ಮೇಲೆಯೇ ನಾಲ್ಕು ವರ್ಷ ಕೂತಿತು. ಫಿರಂಗಿ ಗುಂಡುಗಳಿಗೆ ಗುಡ್ಡ ಕುಗ್ಗಿತು, ತೊರೆ ದಾರಿ ಬದಲಿಸಿತು. ಒಂದು ಗೋಡೆಯೂ ಉಳಿಯಲಿಲ್ಲ.

ಬದುಕುಳಿದವರು ಮರಳಿದಾಗ ಸರ್ಕಾರದ ಮೋಜಣಿದಾರ ನಕ್ಷೆ ಹಿಡಿದು ಬಂದ. ಆ ಕಡೆಯ ಪದ್ಧತಿ ಅವನಿಗೂ ಗೊತ್ತಿತ್ತು. “ನೆಲದ ಮೇಲೆ ಹಳೆಯ ಗುರುತು ಒಂದಾದರೂ ಸಿಗಬೇಕು. ಸಿಕ್ಕರೆ ಅಲ್ಲಿಂದ ಅಳೆದು ನಿಮ್ಮ ನಿಮ್ಮ ಮನೆಯ ಜಾಗ ಕೊಡುತ್ತೇನೆ. ಇಲ್ಲದಿದ್ದರೆ ಇದೆಲ್ಲ ಕಾಡಿಗೆ ಸೇರುತ್ತದೆ. ಗಡಿಕಲ್ಲಿನ ಬಳಿ ಏಟು ತಿಂದವರು ಯಾರಿದ್ದೀರಿ?” ಎಂದು ಕೇಳಿದ.

ಯಾರೂ ಇರಲಿಲ್ಲ. ಈಗ ಮುದುಕಿಯಾಗಿದ್ದ ಆ ತಾಯಿ ಮುಂದೆ ಬಂದಳು. “ತಿಂದವನು ಬರಲಿಲ್ಲ ಸ್ವಾಮಿ. ಹೊಡೆದವಳು ಬಂದಿದ್ದೇನೆ.”

ಆ ಕಲ್ಲಿನ ಬಳಿಗೆ ಅವಳು ಎಷ್ಟು ಸಲ ಒಬ್ಬಳೇ ಹೋಗಿ ಬಂದಿದ್ದಳೋ ಊರಿಗೆ ಗೊತ್ತಿರಲಿಲ್ಲ. ಗುಂಡು ಬಿದ್ದ ಹೊಂಡಗಳ ನಡುವೆ ಬಹಳ ಹೊತ್ತು ನಡೆದಳು. ಒಂದು ಕಡೆ ಕೂತೇ ಬಿಟ್ಟಳು. ಅಲ್ಲಿ ಅಗೆದರು. ಮೊಳದಾಳದಲ್ಲಿ ಕಲ್ಲಿನ ಬುಡ ಸಿಕ್ಕಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆ ದಿನವೇ ಅಳತೆ ಶುರುವಾಯಿತು.

ಶಿಷ್ಯನ ಮುಖ ಅರಳಿತು. “ಹಾಗಾದರೆ ಆ ಏಟು ವ್ಯರ್ಥವಾಗಲಿಲ್ಲ, ಅಲ್ಲವೇ ಗುರುಗಳೇ?”

“ಊರಿಗೆ ಗಡಿ ಸಿಕ್ಕಿತು, ‘ತಪ್ಪಾಯಿತು ಮಗನೇ’ ಎನ್ನಲು ಅವಳಿಗೆ ಮಗ ಸಿಗಲಿಲ್ಲ” ಎಂದರು ಗುರುಗಳು.