ನೋಡುತ್ತಿದ್ದವರು

ಕಪಿಲೆಯ ದಡದಲ್ಲಿ ಚೆಲುವಯ್ಯ ಎಂಬ ಚಿತ್ರದ ಮೇಷ್ಟ್ರು ಇದ್ದರು. ಕಲಿಯಲು ಬಂದವರಿಗೆ ಮೊದಲು ಹುಣಿಸೆ ಕಡ್ಡಿ ಸುಟ್ಟು ಇದ್ದಿಲು ಮಾಡುವುದನ್ನು ಹೇಳಿಕೊಡುತ್ತಿದ್ದರು. ಹೊಗೆ ಕುಡಿದು ಅರ್ಧ ಜನ ಅಲ್ಲಿಂದಲೇ ಮನೆಗೆ ಓಡುತ್ತಿದ್ದರು. ಉಳಿದವರಿಗೆ ಚಿತ್ರ ಬರುತ್ತಿತ್ತು.

ಹಾಗೆ ಉಳಿದವರಲ್ಲಿ ಮೇದಿನಿ ಒಬ್ಬಳು. ಈಗ ಅವಳು ಮೈಸೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಟ್ಯಾಬ್ಲೆಟ್ ಮೇಲೆ ಚಿತ್ರ ಬರೆದು ಬದುಕುತ್ತಿದ್ದಳು. ಯಾರದೋ ಮಗುವಿನ ನಾಮಕರಣದ ಆಹ್ವಾನ, ಯಾರದೋ ಉಪ್ಪಿನಕಾಯಿ ಬಾಟಲಿಯ ಮೇಲೆ ನಗುವ ಅಜ್ಜಿ, ಯಾರದೋ ಪುಸ್ತಕದ ಮುಖಪುಟ. ಅವಳಿಗೆ ಆಫೀಸಿರಲಿಲ್ಲ, ಸಾಹೇಬರಿರಲಿಲ್ಲ. ಹಾಗಾಗಿ ಕೆಲಸ ಕೊಟ್ಟವರೆಲ್ಲ ಸಾಹೇಬರೇ ಆಗಿದ್ದರು.

ಅವರೆಲ್ಲರ ಕೆಲಸ ಮುಗಿದ ಮೇಲೆ ತನ್ನ ಖುಷಿಗೆ ಒಂದು ಚಿತ್ರ ಬರೆದು ಆನ್‌ಲೈನ್‌ನಲ್ಲಿ ಹಾಕುತ್ತಿದ್ದಳು. ದಿನದಲ್ಲಿ ಅದೊಂದೇ ಅವಳದು.

ಒಂದು ಬೆಳಿಗ್ಗೆ ಅವಳು ಮೇಷ್ಟ್ರ ಮನೆಗೆ ಬಂದಳು. ಅವರು ಜಗಲಿಯಲ್ಲಿ ಕೂತು ಕುಂಚ ತೊಳೆಯುತ್ತಿದ್ದರು.

“ಏನಮ್ಮ, ಹೊಗೆ ನೆನಪಾಯ್ತಾ?”

“ಇಲ್ಲ ಮೇಷ್ಟ್ರೇ. ಕೈ ನಿಂತುಹೋಗಿದೆ.”

“ಎಲ್ಲಿ, ತೋರ್ಸು.”

ಮೇದಿನಿ ಕೈ ಚಾಚಿದಳು. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಚೆನ್ನಾಗೇ ಇದೆಯಲ್ಲ. ನಿಂತಿರೋದು ಬೇರೆ ಏನೋ. ಅದನ್ನ ಹೇಳು.”

ಮೇದಿನಿ ಅವರ ಪಕ್ಕ ಕೂತಳು.

“ನನ್ನ ಚಿತ್ರ ನೋಡೋರು ಸಾವಿರಾರು ಜನ ಇದಾರೆ ಮೇಷ್ಟ್ರೇ. ಅವರಲ್ಲಿ ಒಬ್ಬರು ಇದ್ರು. ‘ಕಿರುಬೆರಳು’ ಅಂತ ಹೆಸರಿಟ್ಕೊಂಡಿದ್ರು. ಗಂಡಸೋ ಹೆಂಗಸೋ, ಯಾವ ಊರೋ, ಏನೂ ಗೊತ್ತಿಲ್ಲ. ನಾನು ಏನು ಹಾಕಿದ್ರೂ ಕೆಳಗೆ ಎರಡು ಮಾತು ಬರೆಯೋರು. ಮಿಕ್ಕೋರು ಸೂಪರ್ ಅಂತಾರೆ, ಬೆಂಕಿ ಅಂತಾರೆ. ಇವರು ಮಾತ್ರ ಚಿತ್ರ ನೋಡಿ ಬರೆಯೋರು.”

“ಈಗ?”

“ಯುಗಾದಿಯಿಂದ ಈಚೆಗೆ ಬರ್ತಿಲ್ಲ.”

ಮುಖ ನೋಡದವರೊಬ್ಬರಿಗಾಗಿ ಹೀಗೆ ಹಂಬಲಿಸುವುದಕ್ಕೆ ಅವಳಿಗೇ ನಾಚಿಕೆಯಾಗಿತ್ತು. ಗೆಳತಿಯರಿಗೆ ಹೇಳಿದರೆ ನಗುತ್ತಿದ್ದರು. ಆದರೂ ಚಿತ್ರ ಹಾಕಿದ ಕೂಡಲೇ ಅವಳ ಕಣ್ಣು ಹುಡುಕುತ್ತಿದ್ದದ್ದು ಆ ಒಂದು ಹೆಸರನ್ನು. ಅದು ಇಲ್ಲವೆಂದು ಗೊತ್ತಾದ ಮೇಲೆ ಮಿಕ್ಕ ಹೊಗಳಿಕೆಯೆಲ್ಲ ಉಪ್ಪು ಹಾಕದ ಸಾರಿನ ಹಾಗಿರುತ್ತಿತ್ತು.

“ಅವರು ಬರ್ಲಿ ಅಂತ ಏನೇನೋ ಮಾಡ್ದೆ. ಅವರಿಗೆ ಇಷ್ಟವಾಗೋ ಥರದ್ದೇ ಬರ್ದೆ. ಅವರು ನೋಡ್ತಿದ್ದ ಹೊತ್ತಿಗೇ, ಬೆಳಗಿನ ಜಾವ ಹಾಕ್ದೆ. ಮೆಸೇಜೂ ಕಳಿಸ್ದೆ, ಓದಿದ ಗುರುತಿಲ್ಲ. ಈಗ ನನ್ನದು ಅಂತ ಬರೆಯೋಕೆ ಕೂತ್ರೆ, ಯಾರಿಗೆ ಅಂತ ಬರೀಲಿ ಅನ್ಸುತ್ತೆ. ಎದ್ದುಬಿಡ್ತೀನಿ.”

“ಬೇರೆಯವರ ಕೆಲಸ?”

“ಅದು ನಡೀತಿದೆ. ಅಷ್ಟೇ ಆಗೋದಾದ್ರೆ ಒಂದು ಜಾಹೀರಾತು ಕಂಪನಿಯವರು ಕರೀತಿದಾರೆ, ಅಲ್ಲೇ ಸೇರ್ಕೊಳ್ಳೋದು ವಾಸಿ. ಸೇರಿದ್ರೆ ನನ್ನ ಚಿತ್ರ ಅನ್ನೋದು ಇರಲ್ಲ. ಇವತ್ತು ಸಂಜೆ ಒಳಗೆ ಹೇಳ್ಬೇಕು.” ಅವಳು ಮೇಷ್ಟ್ರ ಕಡೆ ತಿರುಗಿದಳು. “ಅವರನ್ನ ವಾಪಸ್ ಕರೆಸೋದು ಹೇಗೆ, ಹೇಳಿ.”

ಮೇಷ್ಟ್ರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿದರು.

“ಅವರ ಚಿತ್ರ ಬರಿ.”

“ನಾನು ಅವರನ್ನ ನೋಡೇ ಇಲ್ವಲ್ಲ!”

“ಕೃಷ್ಣನ್ನ ನೋಡಿದ್ಯಾ? ಇಲ್ಲಿದ್ದಾಗ ರಾಶಿ ರಾಶಿ ಕೃಷ್ಣನ್ನ ಬರೆದಿದ್ದೀಯಲ್ಲ.”

“ಕೃಷ್ಣನಿಗೆ ಧ್ಯಾನಶ್ಲೋಕ ಇದೆ ಮೇಷ್ಟ್ರೇ. ಬಣ್ಣ ಹಿಂಗಿರುತ್ತೆ, ಕೈಯಲ್ಲಿ ಇದಿರುತ್ತೆ ಅಂತ ಹೇಳಿರುತ್ತೆ. ಅದನ್ನ ಹೇಳ್ಕೊಂಡು ಬರೀತಿದ್ವಿ. ಇವರಿಗೆ ಏನಿದೆ?”

“ಅವರು ಬರೆದದ್ದೆಲ್ಲ ಇದೆಯಲ್ಲ.”

ಮೇದಿನಿ ಚೀಲದಿಂದ ಟ್ಯಾಬ್ಲೆಟ್ ತೆಗೆದಳು. ಮೇಷ್ಟ್ರು ಅದನ್ನು ಕೈಗೆ ತೆಗೆದುಕೊಂಡು ಅವಳ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಗೆರೆ ಚೆನ್ನಾಗಿದೆ ಎಂದರು. ಸುಮ್ಮನೆ ಹೇಳುವವರಲ್ಲ ಅವರು.

“ಇದ್ರಲ್ಲಿ ತಪ್ಪಿದ ಗೆರೆ ವಾಪಸ್ ಹೋಗುತ್ತಂತಲ್ಲ?”

“ಹ್ಞೂಂ. ಎರಡು ಬೆರಳಲ್ಲಿ ತಟ್ಟಿದ್ರೆ ಹೋಗುತ್ತೆ.”

“ನಂಗೂ ಅಂಥದ್ದೊಂದು ಬೇಕಿತ್ತು. ಮದುವೆ ಹೊತ್ತಿಗೆ ಸಿಕ್ಕಿದ್ರೆ ಇನ್ನೂ ಚೆನ್ನಾಗಿರೋದು.”

ಒಳಗಿನಿಂದ ಮೇಷ್ಟ್ರ ಹೆಂಡತಿ ಜೋರಾಗಿ ಕೆಮ್ಮಿದರು. ಮೇಷ್ಟ್ರು ಟ್ಯಾಬ್ಲೆಟನ್ನು ಜೋಪಾನವಾಗಿ ಗೂಡಿನಲ್ಲಿಟ್ಟು, ಕಾಗದ ಅಂಟಿಸಿದ ಹಲಗೆಯನ್ನೂ ಒಂದು ತುಂಡು ಇದ್ದಿಲನ್ನೂ ಅವಳ ಮುಂದೆ ಇಟ್ಟರು.

ಮೇದಿನಿ ಮೊದಲ ಗೆರೆ ಎಳೆದಳು. ಸೊಟ್ಟಗಾಯಿತು. ತನಗೇ ಗೊತ್ತಿಲ್ಲದೆ ಕಾಗದವನ್ನು ಎರಡು ಬೆರಳಿನಿಂದ ತಟ್ಟಿದಳು.

“ಯಾರನ್ನ ಕರೀತಿದೀಯಾ? ಕಾಗದದ ಒಳಗೆ ಯಾರೂ ಇಲ್ಲ.”

ಅವಳು ನಕ್ಕಳು. ನಕ್ಕು ಬಹಳ ದಿನವಾಗಿತ್ತು.

“ಶ್ಲೋಕ ಓದು,” ಎಂದರು ಮೇಷ್ಟ್ರು.

ಅವಳು ಮೊಬೈಲ್ ತೆಗೆದು ಹಳೆಯ ಚಿತ್ರಗಳ ಕೆಳಗೆ ಹುಡುಕಿದಳು.

“ಬಸ್‌ಸ್ಟಾಪ್‌ನಲ್ಲಿ ಮಳೇಲಿ ನೆನೀತಿರೋ ಹುಡುಗನ ಚಿತ್ರ ಹಾಕಿದ್ದೆ. ಅದಕ್ಕೆ ಬರ್ದಿದಾರೆ: ‘ನಾನು ನೆಂದು ಎಷ್ಟು ಕಾಲವಾಯಿತೋ. ದಯವಿಟ್ಟು ಈ ಹುಡುಗನಿಗೆ ಛತ್ರಿ ಕೊಡಬೇಡಿ.’”

“ನೀನೇನಂದೆ?”

“ಹಾರ್ಟ್ ಹಾಕ್ದೆ.”

“ಹಂಗಂದ್ರೆ?”

“ಹೃದಯದ ಗುರುತು. ಒತ್ತಿದ್ರೆ ಬರುತ್ತೆ. ಇಷ್ಟ ಆಯ್ತು ಅಂತ.”

ಮೇಷ್ಟ್ರು ಮುಂದಿನದನ್ನು ಓದುವಂತೆ ತಲೆಯಾಡಿಸಿದರು.

“ಇದು ಬಳೆ ಅಂಗಡಿ ಚಿತ್ರಕ್ಕೆ. ‘ಆ ಹಸಿರು ಬಳೆ ನನಗೆ ಸರಿಹೋಗುತ್ತಿತ್ತು. ಈಗ ಯಾವುದು ಹಾಕಿದರೂ ಜಾರಿ ಮೊಣಕೈಗೆ ಬರುತ್ತದೆ.’”

ಮೇದಿನಿ ತಲೆಯೆತ್ತಿದಳು.

“ಹೆಂಗಸು ಮೇಷ್ಟ್ರೇ!”

“ನೀನೇನಂದೆ?”

“ಹಾರ್ಟು.” ಈ ಸಲ ಅವಳ ದನಿ ತಗ್ಗಿತು.

ಕಾಗದದ ಮೇಲೆ ಒಬ್ಬ ಹೆಂಗಸು ಕೂತಿರುವ ಹಾಗೆ ಗೆರೆ ಮೂಡತೊಡಗಿತು. ತೆಳ್ಳನೆ ಕೈ, ಮೊಣಕೈಗೆ ಜಾರಿದ ಬಳೆ. ಮೇದಿನಿ ಬರೆಯುತ್ತಲೇ ಮುಂದಿನದನ್ನು ಓದಿದಳು. ಹಳೆಯ ಕೋಟೆಯ ಮೆಟ್ಟಿಲುಗಳ ಚಿತ್ರಕ್ಕೆ ಬಂದದ್ದು.

“‘ಮೆಟ್ಟಿಲು ಚೆನ್ನಾಗಿವೆ. ಅರ್ಧ ಹತ್ತಿ ಕೂತಿದ್ದೇನೆ. ಉಳಿದದ್ದನ್ನು ನಾಳೆ ಹತ್ತುತ್ತೇನೆ.’”

ಆಗ ಅದನ್ನು ಓದಿ ಎಷ್ಟು ಚೆಂದ ಬರೆಯುತ್ತಾರೆ ಎಂದುಕೊಂಡಿದ್ದಳು. ಅದನ್ನು ನಾಲ್ಕು ಜನಕ್ಕೆ ತೋರಿಸಿಯೂ ಇದ್ದಳು.

ಮತ್ತೊಂದು, ಕಿಟಕಿಯ ಚಿತ್ರದ್ದು: “‘ಈ ಕಿಟಕಿಯನ್ನು ಒಂದು ಗೇಣು ಕೆಳಗೆ ಬರೆದಿದ್ದರೆ ನನಗೂ ಹೊರಗೆ ಕಾಣುತ್ತಿತ್ತು.’”

“ಆ ಹೆಂಗಸು ಕೂತಿರೋದು ಸರಿಯಾ?” ಮೇಷ್ಟ್ರು ಕೇಳಿದರು. “ಚಿತ್ರ ಬರೆಯೋಕೆ ಅದು ಮೊದಲು ಗೊತ್ತಾಗ್ಬೇಕು.”

ಮೇದಿನಿಯ ಕೈ ನಿಂತಿತು. ಅವಳು ಓದಿದ್ದನ್ನೆಲ್ಲ ಇನ್ನೊಂದು ಸಲ ಓದಿಕೊಂಡಳು.

“ಮಲಗಿದಾರೆ ಮೇಷ್ಟ್ರೇ.”

ಮೇಷ್ಟ್ರು ಒಂದು ಬಟ್ಟೆ ಚೂರು ಕೊಟ್ಟರು. ಅವಳು ಇದ್ದಿಲ ಗೆರೆಗಳನ್ನು ಒರೆಸಿ, ಹಾಸಿಗೆಯಿಂದ ಶುರು ಮಾಡಿದಳು.

ದಿಂಬು ಬಂತು. ಹೊದಿಕೆ ಬಂತು. ಗೋಡೆಯ ಮೇಲೆ, ಎಟುಕದಷ್ಟು ಎತ್ತರದಲ್ಲಿ ಒಂದು ಕಿಟಕಿ ಬಂತು. ಅವಳು ಆ ಕಿಟಕಿಯನ್ನು ಅಳಿಸಿ, ಒಂದು ಗೇಣು ಕೆಳಗೆ ಬರೆದಳು.

ಮತ್ತೆ ಮೊಬೈಲ್ ತೆಗೆದು ಮುಂದಿನದನ್ನು ಹುಡುಕಿದಳು.

“ಓದಮ್ಮ.”

“ಯಾರೋ ಒಬ್ಬರು ಅವರನ್ನ ಕೇಳಿದಾರೆ, ಕಿರುಬೆರಳು ಅಂತ ಯಾಕೆ ಹೆಸರಿಟ್ಕೊಂಡ್ರಿ ಅಂತ. ಅದಕ್ಕೆ ಬರ್ದಿದಾರೆ: ‘ಮಿಕ್ಕವರೆಲ್ಲ ಮುಷ್ಕರ ಹೂಡಿದ್ದಾರೆ. ಸದ್ಯಕ್ಕೆ ಇವನೊಬ್ಬನೇ ಕೆಲಸಕ್ಕೆ ಬರುತ್ತಿರುವುದು. ಇಷ್ಟುದ್ದ ಬರೆಯಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ, ಸೋಮಾರಿ.’”

“ನೀನೇನಂದೆ?”

“ನಗೋ ಮುಖ ಹಾಕ್ದೆ. ಕಣ್ಣಲ್ಲಿ ನೀರು ಬರೋ ಹಾಗೆ ನಗೋ ಮುಖ. ತಮಾಷೆ ಅಂದ್ಕೊಂಡೆ ಮೇಷ್ಟ್ರೇ.”

ಅವಳು ಅತ್ತಳು. ಉಕ್ಕಿ ಬಂದ ಅಳು, ತಡೆಯಲು ಆಗಲಿಲ್ಲ.

“ನಾನು ಹಾಕಿದ ಒಂದೊಂದು ಚಿತ್ರದಲ್ಲೂ ಏನಿದೆ ಅಂತ ಅವರಿಗೆ ಗೊತ್ತಿತ್ತು. ನಾನು ಒಂದು ಸಲನಾದ್ರೂ ನೀವು ಹೇಗಿದೀರಿ ಅಂತ ಕೇಳ್ಲಿಲ್ಲ.”

ಸಮಾಧಾನ ಹೇಳುವುದು ಮೇಷ್ಟ್ರ ಅಭ್ಯಾಸವಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕಡೆ ಎಸೆದರು.

“ಕಾಗದ ಒದ್ದೆ ಮಾಡ್ಬೇಡ. ಇದ್ದಿಲು ಹಿಡಿಯಲ್ಲ.”

ಮಧ್ಯಾಹ್ನ ಮೇಷ್ಟ್ರ ಹೆಂಡತಿ ಮಜ್ಜಿಗೆ ತಂದಿಟ್ಟರು. ಅದು ಅಲ್ಲೇ ಇತ್ತು. ಮೇದಿನಿ ಇದ್ದಿಲು ಬಿಟ್ಟು ಕುಂಚ ಹಿಡಿದಿದ್ದಳು. ಹೊದಿಕೆಯ ಅಂಚಿಗೆ ಸಣ್ಣ ಹೂ ಬರೆದಳು. ಯಾರು ಹೇಳಿದರೋ, ಆ ಹೆಂಗಸಿಗೆ ಅಂಥ ಅಂಚು ಇಷ್ಟವೆಂದು ಅವಳಿಗೆ ಖಾತ್ರಿಯಾಗಿತ್ತು. ದಿಂಬಿಗೆ ಮೊಬೈಲ್ ಒರಗಿಸಿ ಬರೆದಳು. ಅದರ ಮೇಲೆ ಒಂದು ಕಿರುಬೆರಳು.

ನೋಡಬೇಕೆಂಬ ಆಸೆ ಅವಳ ಎದೆಯಲ್ಲಿ ತುಂಬಿಕೊಂಡಿತು. ಆ ಹೆಂಗಸು ಬಂದು ತನ್ನ ಚಿತ್ರದ ಕೆಳಗೆ ಏನಾದರೂ ಬರೆಯಲಿ ಎಂಬ ಆಸೆ ಅದಾಗಿರಲಿಲ್ಲ. ಒಂದೇ ಒಂದು ಸಲ ಆ ಕೋಣೆಗೆ ಹೋಗಬೇಕು, ದಿಂಬು ಸರಿಮಾಡಬೇಕು, ಜಾರಿದ ಬಳೆಯನ್ನು ಮುಂಗೈಗೆ ಸರಿಸಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಎಲ್ಲಿಗೆ ಹೋಗುವುದು? ಊರಿನ ಹೆಸರೂ ಗೊತ್ತಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಮೊಬೈಲ್ ಹೊಡೆದುಕೊಂಡಿತು. ಜಾಹೀರಾತು ಕಂಪನಿಯವರು.

“ಇಲ್ಲ ಸಾರ್, ಬರೋಕಾಗಲ್ಲ,” ಎಂದಳು ಮೇದಿನಿ. “ಚಿತ್ರ ಬರೀತಿದೀನಿ. ಇಲ್ಲ, ಯಾರ ಆರ್ಡರೂ ಅಲ್ಲ.”

ಮೇಷ್ಟ್ರು ಕೇಳಿಸದವರ ಹಾಗೆ ಹೊಳೆಯ ಕಡೆ ನೋಡುತ್ತಿದ್ದರು.

ಸಂಜೆಗೆ ಚಿತ್ರ ಮುಗಿಯಿತು. ಮುಗಿಯಿತು ಎನ್ನುವ ಹಾಗೂ ಇರಲಿಲ್ಲ. ಮುಖದಲ್ಲಿ ಹುಬ್ಬಿತ್ತು, ಮೂಗಿತ್ತು, ತುಟಿಯ ಕೊನೆಯಲ್ಲಿ ತುಂಟತನವಿತ್ತು. ಕಣ್ಣಿನ ಜಾಗ ಖಾಲಿ ಇತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಶಿಷ್ಯರು ಏನೇ ಬರೆಯಲಿ, ಕಣ್ಣು ಮಾತ್ರ ಗುರು ಬರೆಯಬೇಕು. ಚೆಲುವಯ್ಯನವರ ಚಿತ್ರಗಳಿಗೆ ಅವರ ಗುರು ಬರೆಯುತ್ತಿದ್ದರು. ಮೇದಿನಿ ಅಲ್ಲಿ ಬರೆದ ಅಷ್ಟೂ ದೇವರಿಗೆ ಮೇಷ್ಟ್ರೇ ಕಣ್ಣು ಕೊಟ್ಟಿದ್ದರು.

ಅವಳು ಸಣ್ಣ ಕುಂಚವನ್ನು ಮಸಿಯಲ್ಲಿ ಅದ್ದಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

“ನೀವು ಬರೀರಿ ಮೇಷ್ಟ್ರೇ. ನಂಗೆ ಗೊತ್ತಾಗ್ತಿಲ್ಲ. ಅವರು ಈಗ ಇದಾರೋ ಇಲ್ವೋ. ಕಣ್ಣು ತೆರೆದಿರೋ ಹಾಗೆ ಬರೆದು, ಅವರು ಇಲ್ಲದೇ ಇದ್ರೆ? ಮುಚ್ಚಿರೋ ಹಾಗೆ ಬರೆದು, ಅವರು ಇದ್ರೆ?”

ಮೇಷ್ಟ್ರು ಕುಂಚ ತೆಗೆದುಕೊಂಡರು. ಹಲಗೆಯನ್ನು ಬೆಳಕಿನ ಕಡೆ ತಿರುಗಿಸಿ, ಆ ಮುಖವನ್ನು ತುಂಬಾ ಹೊತ್ತು ನೋಡಿದರು.

ಆಮೇಲೆ ಕುಂಚವನ್ನು ಅವಳ ಕೈಗೇ ವಾಪಸ್ ಇಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಮಡಿಸಿದರು.

“ಈ ಕಣ್ಣು ನೋಡ್ತಿದ್ದದ್ದು ನನ್ನನ್ನಲ್ಲ ಕಣಮ್ಮ. ನೀನೇ ನೋಡಿ ಬರಿ.”