ಗಾಣದ ಕೆಂಚವ್ವ ಸಮುದ್ರ ನೋಡಿದ್ದು

ಕೂತ್ಕೊಳ್ಳಿ, ಹತ್ತಿರ ಬನ್ನಿ. ಇದು ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದಂತೆ, ನಾನು ಕಣ್ಣಾರೆ ಕಂಡಿದ್ದಲ್ಲ. ಹೇಳೋವಾಗ ನಡುನಡುವೆ ಹ್ಞೂಂ ಅಂತಿರಬೇಕು. ಹ್ಞೂಂ ಅನ್ನದೇ ತೂಕಡಿಸಿದ್ರೆ ನಾನು ಎದ್ದು ಹೋಗೋಳೇ, ಆಮೇಲೆ ಕೈಕಾಲು ಹಿಡಿದ್ರೂ ಮುಂದಕ್ಕೆ ಹೇಳಲ್ಲ.

ಹಿಂದೆ, ಯಾವ ಕಾಲವೋ ಏನೋ, ಎತ್ತಿನ ಬಂಡಿ ಹೋಗಿ ಬರೋ ಒಂದೂರಲ್ಲಿ ಓಬಣ್ಣ ಅಂತ ಒಬ್ಬ ಗಾಣದವನಿದ್ದನಂತೆ. ಎಣ್ಣೆ ತೆಗೆಯೋದು ಅವನ ಕಸುಬು. ಅವನ ಹೆಂಡತಿ ಕೆಂಚವ್ವ. ಬೆಳಗಾದ್ರೆ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡೋದು, ಅವಳು ಅದರ ಹಿಂದೆ ಸುತ್ತೋದು, ಅವನು ಎಣ್ಣೆ ಸೋಸೋದು. ಮಕ್ಕಳಾಗಲಿಲ್ಲ. ಅದಕ್ಕೆ ಇಬ್ಬರೂ ಅತ್ತಿದ್ದು ಉಂಟು, ಆದ್ರೆ ಒಬ್ಬರನ್ನೊಬ್ಬರು ಅಂದಿದ್ದಿಲ್ಲ.

ಓಬಣ್ಣ ಕೆಟ್ಟವನಲ್ಲ, ಮೊದಲೇ ಹೇಳಿಬಿಡ್ತೀನಿ. ಜಿಪುಣ ಅಂತ ಬೈಯೋದಕ್ಕೂ ಬರಲ್ಲ. ಅವನಿಗೆ ಉಳಿಸೋದು ಅಂದ್ರೆ ಒಂದು ವಿದ್ಯೆ. ಸುತ್ತಲಿನ ಊರಿನವರೆಲ್ಲ ಬುದ್ಧಿ ಕೇಳೋಕೆ ಅವನ ಜಗಲಿಗೆ ಬರೋರಂತೆ. "ಓಬಣ್ಣ, ದೀಪದೆಣ್ಣೆ ಬೇಗ ಮುಗೀತದೆ, ಏನ್ ಮಾಡ್ಲಿ?" ಅಂದ್ರೆ "ಬತ್ತಿಯಲ್ಲಿ ಒಂದೆಳೆ ಕಮ್ಮಿ ಮಾಡವ್ವ, ಎಣ್ಣೆಗೆ ಚಿಟಿಕೆ ಉಪ್ಪು ಹಾಕು" ಅನ್ನೋನು. "ಸಂತೆಗೆ ಹೋದ್ರೆ ಗಂಟು ಖಾಲಿಯಾಗ್ತದೆ" ಅಂದ್ರೆ "ಹಸ್ಕೊಂಡು ಹೋಗಬೇಡಪ್ಪ, ಉಂಡು ಹೋಗು. ಈರುಳ್ಳಿಯವನು ಚೀಲ ಕಟ್ಟೋ ಹೊತ್ತಿಗೆ ಹೋಗಿ ಕೇಳು" ಅನ್ನೋನು. "ಮೆಟ್ಟು ಸವೀತದೆ" ಅಂದ್ರೆ "ನುಣ್ಣಗಿರೋ ದಾರೀಲಿ ಕೈಲಿ ಹಿಡ್ಕೋ, ಮುಳ್ಳಿದ್ದಲ್ಲಿ ಕಾಲಿಗೆ ಹಾಕ್ಕೋ" ಅನ್ನೋನು. ಅವನ ಮಾತು ಕೇಳಿ ಮನೆ ಕಟ್ಟಿದವರಿದ್ರು, ಮಗಳ ಮದುವೆ ಮಾಡಿದವರಿದ್ರು. ಕೇಳಿದವರಿಗೆಲ್ಲ ಒಳ್ಳೇದೇ ಆಯ್ತು.

ಕೆಂಚವ್ವಂಗೆ ಮಾತ್ರ ಒಂದೇ ಒಂದು ಆಸೆ. ಸಣ್ಣವಳಿದ್ದಾಗ ಉಪ್ಪಿನ ಹೇರು ಹೊತ್ತ ಎತ್ತುಗಳ ಜೊತೆ ಘಟ್ಟದ ಕೆಳಗಿನ ಹೆಂಗಸೊಬ್ಬಳು ಅವರೂರಿಗೆ ಬಂದಿದ್ದಳಂತೆ. "ನಮ್ಮ ಕಡೆ ಒಂದು ನೀರದೆ, ಅದಕ್ಕೆ ಆಚೆ ದಡವೇ ಇಲ್ಲ" ಅಂದಳಂತೆ. ಆಚೆ ದಡ ಇಲ್ಲದ ನೀರು ಹೆಂಗಿರ್ತದೆ? ಕೆರೆಗಾದ್ರೂ ಏರಿಯಿದೆ, ಬಾವಿಗಾದ್ರೂ ಕಟ್ಟೆಯಿದೆ. ಅವತ್ತಿಂದ ಅವಳಿಗೆ ಅದೇ ಗುಂಗು. ಮದುವೆಯಾಗಿ ಬಂದ ವರ್ಷವೇ ಗಂಡನ್ನ ಕೇಳಿದಳು. "ಏನೂಂದ್ರೆ, ಒಂದ್ಸಲ ಸಮುದ್ರ ನೋಡ್ಕೊಂಡು ಬರೋಣವಾ?"

"ಹೋಗೋಣ ಕಣೇ. ಬರೋ ವರ್ಷ ಹೋಗೋಣ" ಅಂದನಂತೆ ಓಬಣ್ಣ.

ಸುಳ್ಳು ಹೇಳಲಿಲ್ಲ ಅವನು. ಹೋಗಬೇಕು ಅಂತಲೇ ಇದ್ದ. ಮಾದಿಗರ ಹಟ್ಟಿಯಲ್ಲಿ ಅವಳಿಗಂತ ಹೊಸ ಮೆಟ್ಟು ಹೊಲಿಸಿ ತಂದ. ಸಮುದ್ರಕ್ಕೆ ಹೋಗೋವಾಗ ಹಾಕ್ಕೊಳ್ಳಲಿ ಅಂತ ಸೂರಿನ ಜಂತೆಗೆ ನೇತು ಹಾಕಿದ. ವರ್ಷ ವರ್ಷ ಇಳಿಸಿ ಹರಳೆಣ್ಣೆ ಸವರೋನು, ಮತ್ತೆ ನೇತು ಹಾಕೋನು. ಒಂದ್ವರ್ಷ ಎತ್ತು ಕೊಳ್ಳಬೇಕಿತ್ತು. ಒಂದ್ವರ್ಷ ಗಾಣದ ಒನಕೆ ಬಿರುಕು ಬಿಟ್ಟಿತ್ತು. ಒಂದ್ವರ್ಷ ಏನೂ ಇರಲಿಲ್ಲ, ಸುಮ್ಮನೆ ಮುಂದಕ್ಕೆ ಹೋಯ್ತು. ಕೆಂಚವ್ವ ಬರಿಗಾಲಲ್ಲಿ ಗಾಣ ಸುತ್ತಿದಳು. ಅವಳು ಸುತ್ತಿದ ದಾರಿಯನ್ನ ಉದ್ದಕ್ಕೆ ಬಿಚ್ಚಿದ್ರೆ ಸಮುದ್ರ ಮುಟ್ಟಿ ವಾಪಸ್ಸು ಬರಬಹುದಿತ್ತು. ಆ ಮಾತು ಅವಳು ಒಂದಿನವೂ ಅನ್ನಲಿಲ್ಲ. ನಾನು ಅಂತಿದ್ದೀನಿ, ಯಾಕಂದ್ರೆ ನಂಗೆ ಸಿಟ್ಟು ಬರ್ತದೆ.

ಒಂದಿನ ಕೆಂಚವ್ವಂಗೆ ಜ್ವರ ಬಂತು. ಬಂದ ಜ್ವರ ಬಿಡಲಿಲ್ಲ. ಗಂಡ ತಲೆಹತ್ತಿರ ಕೂತು ಒದ್ದೆ ಬಟ್ಟೆ ಹಾಕ್ತಿದ್ದ. ಅವಳು ಜಂತೆ ಕಡೆ ನೋಡ್ತಾ ನೋಡ್ತಾ ಪ್ರಾಣ ಬಿಟ್ಟಳಂತೆ.

ಮಣ್ಣು ಮಾಡಿದ್ರು. ಮೂರನೇ ದಿನ ಎಡೆ ಇಟ್ರು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದುಂಡೆ ಬೆಲ್ಲ, ಎಲ್ಲ ಅವಳಿಗೆ ಇಷ್ಟವಾದದ್ದೇ. ಕಾಗೆ ಬಂದು ಮುಟ್ಟಿದ್ರೆ ಸತ್ತವರು ಉಂಡಂಗೆ. ನಿಮಗೂ ಗೊತ್ತಲ್ಲ. ಕಾಗೆಗಳು ಬಂದವು, ಮರದ ಮೇಲೆ ಸಾಲಾಗಿ ಕೂತವು. ಒಂದೂ ಕೆಳಕ್ಕೆ ಇಳಿಯಲಿಲ್ಲ. ಊರಿಗೆ ಹಿರಿಯಳು ಸಾಕಜ್ಜಿ ಅಲ್ಲೇ ಇದ್ದಳು. "ಅವಳಿಗೇನೋ ಆಸೆ ಉಳಿದದೆ ಓಬಣ್ಣ. ಮಾತು ಕೊಡಪ್ಪ" ಅಂದಳು.

ಓಬಣ್ಣ ಕೈಮುಗಿದ. "ಕೆಂಚೀ, ಸಮುದ್ರ ತೋರಿಸ್ತೀನಿ ಕಣೇ. ಉಣ್ಣು" ಅಂದ.

ಒಂದು ಕಾಗೆ ಇಳಿದು ಎಡೆ ಹತ್ತಿರ ಬಂತು. ಕತ್ತು ಓರೆ ಮಾಡಿ ಅವನ ಮುಖ ನೋಡಿತು. ಆಮೇಲೆ ಹಿಂದಕ್ಕೆ ಹಾರಿ ಮರಕ್ಕೇ ಹೋಯ್ತು.

ಸಾಕಜ್ಜಿ ನಿಟ್ಟುಸಿರು ಬಿಟ್ಟಳು. "ಈ ಮಾತು ಅವಳು ಬದುಕಿದ್ದಾಗಲೂ ಕೇಳಿದ್ದಾಳಲ್ಲಪ್ಪ, ಈಗ ನಂಬ್ತಾಳಾ? ಎದ್ದು ಹೊರಡು. ದಾರೀಲಿ ಬುತ್ತಿ ಬಿಚ್ಚಿದಾಗ ಅವಳಿಗೊಂದು ಎಡೆ ಇಡು, ಅವಳು ಜೊತೆಗೆ ಬರ್ತಾಳೆ. ಸಮುದ್ರ ಕಣ್ಣಿಗೆ ಬೀಳೋವರೆಗೂ ಅವಳ ಎಡೆಗೆ ಯಾವ ಕಾಗೆಯೂ ಬಾಯಿ ಹಾಕಲ್ಲ, ಅಲ್ಲೀವರೆಗೂ ಅವಳ ಹಸಿವು ಹಂಗೇ ಇರ್ತದೆ. ತಡ ಮಾಡಬೇಡ. ಹಸಿವಲ್ಲೇ ಬಿಟ್ರೆ ಕರಗಿ ಕರಗಿ ಗಾಳಿ ಆಗಿಬಿಡ್ತಾಳೆ. ಅತ್ತ ಹಿರಿಯರನ್ನೂ ಸೇರಲ್ಲ, ಇತ್ತ ನಿನ್ನ ಹತ್ತಿರವೂ ಇರಲ್ಲ."

"ಕಾಗೆ ಮುಟ್ಟಿದ್ರೆ ಅಜ್ಜಿ?"

"ಹೋಗ್ತಾಳಪ್ಪ. ಹೋಗಬೇಕು."

ಓಬಣ್ಣ ಎತ್ತನ್ನ ಪಕ್ಕದ ಮನೆಯಲ್ಲಿ ಕಟ್ಟಿದ. ಜಂತೆಯಿಂದ ಮೆಟ್ಟು ಇಳಿಸಿ ಗಂಟು ಕಟ್ಟಿದ. ಬುತ್ತಿ, ಒಂದು ಗಿಂಡಿ ಎಣ್ಣೆ ಹೆಗಲಿಗೆ ಹಾಕ್ಕೊಂಡು ಪಡುವಲ ದಿಕ್ಕಿಗೆ ಹೊರಟನಂತೆ. ಮಧ್ಯಾಹ್ನಕ್ಕೆ ಒಂದು ಹೊಂಗೆ ಮರ ಸಿಕ್ಕಿತು. ಬುತ್ತಿ ಬಿಚ್ಚಿ, ಮೊದಲ ರೊಟ್ಟಿ ಎಲೆ ಮೇಲಿಟ್ಟು, "ಬಾರೇ" ಅಂದ. ತಲೆ ಎತ್ತಿದ್ರೆ ಎದುರಿಗೆ ಕೆಂಚವ್ವ ಕೂತಿದ್ದಾಳೆ. ಅದೇ ಹಳೇ ಸೀರೆ, ಅದೇ ಎಣ್ಣೆ ಜಿಡ್ಡಿನ ಕೈ.

"ನಿಜವಾಗ್ಲೂ ಹೊರಟ್ರಾ?" ಅಂದಳು.

ಓಬಣ್ಣ ಗಂಟಿನಿಂದ ಮೆಟ್ಟು ತೆಗೆದು ಅವಳ ಮುಂದಿಟ್ಟ. "ಈಗಲಾದ್ರೂ ಹಾಕ್ಕೊಳ್ಳೇ." ಅವಳು ನಗುತ್ತಾ ಕಾಲು ಮುಂದೆ ಚಾಚಿದಳು. ದೆವ್ವದ ಪಾದ ಹಿಂದುಮುಂದು ಅಂತಾರಲ್ಲ, ಹಂಗೇ ಇತ್ತು. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಆ ಕಡೆಯಿಂದ ತೂರಿಸಿ ನೋಡಿದಳು, ಈ ಕಡೆಯಿಂದ ತೂರಿಸಿ ನೋಡಿದಳು. ಮೆಟ್ಟು ಕಾಲಿಗೆ ಏರಲಿಲ್ಲ. ಅಷ್ಟು ವರ್ಷ ಎಣ್ಣೆ ಸವರಿ ಉಳಿಸಿದ ಮೆಟ್ಟು, ಇನ್ನೂ ಹೊಸದರಂಗೇ ಇತ್ತು. ಓಬಣ್ಣ ಅದನ್ನ ಮತ್ತೆ ಗಂಟಿಗೆ ಕಟ್ಟಿಕೊಂಡು ಬಿಕ್ಕಿ ಬಿಕ್ಕಿ ಅತ್ತನಂತೆ. "ಇರಲಿ ಬಿಡಿ, ನಂಗೀಗ ಮುಳ್ಳು ಚುಚ್ಚಲ್ಲ" ಅಂತ ಅವಳೇ ಸಮಾಧಾನ ಹೇಳಿದಳು.

ಮುಂದೆ ಗಂಡ, ಹಿಂದೆ ಹೆಂಡತಿ ನಡೆದ್ರು. ಅವನು ತಿರುಗಿ ನೋಡಿದ್ರೆ ಧೂಳಲ್ಲಿ ಅವಳ ಹೆಜ್ಜೆ ಊರಿನ ಕಡೆಗೇ ಮುಖ ಮಾಡಿದ್ದವು. ದಾರೀಲಿ ಒಂದು ಹಳೇ ಕೋಟೆ ಸಿಕ್ಕಿತು, ಹತ್ತಿ ನೋಡಿದ್ರು. ಒಂದು ಜಲಪಾತ ಸಿಕ್ಕಿತು, ಬಂಡೆ ಮೇಲೆ ಕೂತು ನೋಡಿದ್ರು. ಅವಳಿಗೆ ಹಿಗ್ಗೋ ಹಿಗ್ಗು. ಒಂದೂರಲ್ಲಿ ದೆವ್ವದ ಛತ್ರ ಅಂತ ಒಂದಿತ್ತು, ಯಾರೂ ತಂಗ್ತಿರಲಿಲ್ಲ, ಕಾಯೋನೂ ಓಡಿಹೋಗಿದ್ದ. "ಬಾರೇ, ಕೇಳೋರಿಲ್ಲ, ಪುಕ್ಕಟೆ" ಅಂದ ಓಬಣ್ಣ. "ನಾನಿದ್ದೀನಲ್ಲ, ಇನ್ನೊಂದು ದೆವ್ವ ಬಂದ್ರೂ ಜಗಳಕ್ಕೆ ನಿಂತೇನು" ಅಂದಳು ಕೆಂಚವ್ವ. ಇಬ್ಬರೂ ನಕ್ಕರಂತೆ. ಮದುವೆಯಾದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲಂತೆ, ನೋಡಿ.

ಅಲ್ಲೇ ಎಡವಟ್ಟಾಯ್ತು. ನಗ್ತಾ ನಗ್ತಾ ಓಬಣ್ಣಂಗೆ ಒಂದು ಯೋಚನೆ ಬಂತು. ಸಮುದ್ರ ಕಂಡ್ರೆ ಕಾಗೆ ಮುಟ್ತದೆ, ಕಾಗೆ ಮುಟ್ಟಿದ್ರೆ ಇವಳು ಹೋಗ್ತಾಳೆ. ಕಾಣದಿದ್ರೆ ಇನ್ನಷ್ಟು ದಿನ ಇರ್ತಾಳೆ. ಇಷ್ಟು ದಿನ ಎಣ್ಣೆ ಉಳಿಸಿದ, ಉಪ್ಪು ಉಳಿಸಿದ. ಈಗ ಹೆಂಡತಿಯನ್ನೇ ಉಳಿಸೋಕೆ ಹೊರಟ. ದಾರಿಹೋಕರು "ಸಮುದ್ರಕ್ಕೆ ಹಿಂಗೆ ಹೋಗಪ್ಪ" ಅಂತ ಕೈ ತೋರಿಸಿದ್ರೆ ಅವನು ಇನ್ನೊಂದು ದಾರಿ ಹಿಡಿಯೋನು. "ಇಲ್ಲೊಂದು ಚೆಂದದ ಕೆರೆ ಅದೆಯಂತೆ, ನೋಡ್ಕೊಂಡು ಹೋಗೋಣ" ಅನ್ನೋನು. ಕೆರೆ ಆದ ಮೇಲೆ ಒಂದು ಬೆಟ್ಟ, ಬೆಟ್ಟ ಆದ ಮೇಲೆ ಒಂದು ಗುಹೆ. "ಸಮುದ್ರ?" ಅಂತ ಅವಳು ಕೇಳಿದ್ರೆ "ಇನ್ನೂ ದೂರ ಕಣೇ" ಅನ್ನೋನು. ಗಾಣದ ಎತ್ತಿನಂಗೆ ಅವಳನ್ನ ಘಟ್ಟದ ಮೇಲೇ ಸುತ್ತಿಸಿದ.

ಹೊತ್ತು ಹೊತ್ತಿಗೆ ಎಡೆ ಇಡೋನು. ಒಂದು ಕಾಗೆಯೂ ಮುಟ್ತಿರಲಿಲ್ಲ. ಕೆಂಚವ್ವ ಎಲೆಯನ್ನೇ ನೋಡ್ತಾ ಕೂತಿರೋಳು. ಮೊದಮೊದಲು ಅವಳ ಹಿಂದಿನ ಮರ ಕಾಣ್ತಿರಲಿಲ್ಲ. ಆಮೇಲೆ ಮಸುಕು ಮಸುಕಾಗಿ ಕಾಣೋಕೆ ಶುರುವಾಯ್ತು. ಆಮೇಲಾಮೇಲೆ ತೊಗಟೆ ಮೇಲೆ ಹರಿಯೋ ಇರುವೆ ಸಾಲೂ ಅವಳ ಮೈಯಾಚೆ ಕಾಣ್ತಿತ್ತು. ಓಬಣ್ಣ ಕಂಡೂ ಕಾಣದಂಗೆ ಇದ್ದ. ಇವತ್ತೊಂದಿನ ಇರಲಿ, ನಾಳೆ ನೋಡೋಣ ಅಂತಿದ್ದ.

ಒಂದು ಮಧ್ಯಾಹ್ನ ಅವಳು ಕೇಳಿದಳು. "ಏನೂಂದ್ರೆ, ನಮ್ಮ ಎತ್ತಿನ ಹೆಸರೇನು?"

"ಬಿಳಿಯ. ಮರೆತುಬಿಟ್ಟೆಯಾ?"

"ಮರೆತುಹೋಯ್ತು. ಹೊಟ್ಟೆ ಹಸೀತದೆ, ಏನೂ ನೆನಪಾಗಲ್ಲ." ಅವನ ಬಾಡಿದ ಮುಖ ನೋಡಿ, ಅವನಿಗೆ ಬೇಜಾರಾಗದಿರಲಿ ಅಂತ ಮೆಲ್ಲಗೆ ಅಂದಳು. "ಸಮುದ್ರ ದೂರ ಇದ್ರೆ ಇರಲಿ ಬಿಡಿ. ಬರೋ ವರ್ಷ ಹೋಗೋಣ."

ಅವನದೇ ಮಾತು. ಇಷ್ಟು ವರ್ಷ ಅವನು ಅಂತಿದ್ದ ಮಾತು. ಓಬಣ್ಣನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳೀತಂತೆ. ಇವಳಿಗೆ ಇನ್ನೊಂದು ವರ್ಷ ಇಲ್ಲ, ಇನ್ನೊಂದು ವಾರವೂ ಇಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಊಟದಲ್ಲೇ ಎದ್ದ. "ನಡಿಯೇ" ಅಂದ. ಅವತ್ತು ಅವನು ಕೋಟೆ ನೋಡಲಿಲ್ಲ, ಕೆರೆ ನೋಡಲಿಲ್ಲ, ದಾಪುಗಾಲು ಹಾಕಿ ಘಟ್ಟ ಇಳಿದ.

ಘಟ್ಟದ ಕೆಳಗೆ ಉಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎದುರಾದಳು. ಬಿಸಿಲಿಗೆ ಕಾದ ನೆಲ, ಅವಳದು ಬರಿಗಾಲು. "ಅಕ್ಕಾ, ಸಮುದ್ರ ಯಾವ ಕಡೆ?" ಅಂದ. "ಅಗಾ, ಆ ತೆಂಗಿನ ಮರಗಳ ಆಚೆ. ಶಬ್ದ ಕೇಳ್ತದಲ್ಲ ಅಣ್ಣ" ಅಂದಳು. ಓಬಣ್ಣ ಗಂಟು ಬಿಚ್ಚಿ ಹೊಸ ಮೆಟ್ಟು ಅವಳ ಕಾಲ ಹತ್ತಿರ ಇಟ್ಟ. "ಹಾಕ್ಕೊಳ್ಳವ್ವ. ಈಗಲೇ ಹಾಕ್ಕೋ, ಎತ್ತಿಡಬೇಡ" ಅಂದ. ಅವಳು ಬೆರಗಾಗಿ ಹಾಕ್ಕೊಂಡು ನಡೆದಳು. ಕೆಂಚವ್ವ ಆ ಕಾಲುಗಳನ್ನ ನೋಡ್ತಾ "ಚೆನ್ನಾಗಿ ಹೊಲಿದಿದ್ದಾರೆ ಅಲ್ವಾ" ಅಂದಳು.

ತೆಂಗಿನ ಮರ ದಾಟಿದ್ರು. ಸಮುದ್ರ ಕಂಡಿತು.

ಕೆಂಚವ್ವ ನಿಂತುಬಿಟ್ಟಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಚೆ ದಡ ಹುಡುಕಿದಳು. ಇಲ್ಲ. ಕಣ್ತುಂಬ ನೋಡಿ ಆಮೇಲೆ ಅಂದಳು. "ಎಷ್ಟು ನೋಡಿದ್ರೂ ಇದು ಸವೆಯಲ್ಲ ಅಲ್ವಾ? ಇದನ್ನ ಯಾಕೆ ನಾವು ಉಳಿಸಿದ್ವಿ?"

ಊರಿಗೆಲ್ಲ ಬುದ್ಧಿ ಹೇಳಿದ ಓಬಣ್ಣ ಮರಳಲ್ಲಿ ಕೂತ. ಬುತ್ತಿ ಮುಂದಿತ್ತು, ಗಂಟು ಬಿಚ್ಚೋಕೆ ಕೈ ಬರಲಿಲ್ಲ. ಮರದ ಮೇಲೆ ಕಾಗೆ ಕೂಗ್ತಿತ್ತು.

"ಬಿಚ್ಚಿ" ಅಂದಳು ಕೆಂಚವ್ವ. "ಹಸಿವು ತಡೆಯೋಕಾಗ್ತಿಲ್ಲ."

"ಬಿಚ್ಚಿದ್ರೆ ನೀನು ಹೋಗ್ತೀಯ."

"ಗೊತ್ತು. ನೀವು ಬಿಚ್ಚಿ."

ಬಿಚ್ಚಿದ. ರೊಟ್ಟಿ ಇಟ್ಟ, ಚಟ್ನಿ ಇಟ್ಟ, ಬೆಲ್ಲ ಇಟ್ಟ. ಗಿಂಡಿಯಲ್ಲಿದ್ದ ಎಣ್ಣೆಯಲ್ಲಿ ಎಡೆಗೆ ಹೊತ್ತಿಗೊಂದೊಂದೇ ತೊಟ್ಟು ಬಿಡ್ತಾ ಬಂದಿದ್ದ. ಅವತ್ತು ಗಿಂಡಿ ಬೋರಲು ಹಾಕಿ ಅಷ್ಟನ್ನೂ ರೊಟ್ಟಿ ಮೇಲೆ ಸುರಿದ. ಎಣ್ಣೆ ಎಲೆಯಿಂದ ಹರಿದು ಮರಳಿಗೂ ಹೋಯ್ತು. ಕೆಂಚವ್ವ ಅದನ್ನ ನೋಡಿ ನಕ್ಕಳು. ಎದ್ದು ನೀರಿನ ಕಡೆ ನಡೆದಳು. ಕಾಗೆ ಇಳಿದು ಬಂತು, ಈ ಸಲ ಅವನ ಮುಖ ನೋಡಲಿಲ್ಲ, ರೊಟ್ಟಿ ಮುರಿದು ತಿಂತು. ಓಬಣ್ಣ ಕಣ್ಣೆತ್ತಿದ್ರೆ ಅಲ್ಲಿ ಬರೀ ನೀರಿತ್ತು.

ಒದ್ದೆ ಮರಳ ಮೇಲೆ ಅವಳ ಹೆಜ್ಜೆ ಮಾತ್ರ ಉಳಿದಿದ್ದವು. ಹಿಂದುಮುಂದಾದ ಪಾದ ಅಲ್ವಾ, ಹೋದವಳ ಹೆಜ್ಜೆಗಳೆಲ್ಲ ನೀರಿನಿಂದ ಎದ್ದು ಅವನ ಕಡೆಗೇ ಬರ್ತಿದ್ದಂಗೆ ಕಾಣ್ತಿದ್ದವು. ಬರ್ತಿದ್ದಾಳೆ, ಬರ್ತಿದ್ದಾಳೆ ಅನ್ನೋ ಹಾಗೆ. ಅಲ್ಲ ಅಂತ ಅವನಿಗೆ ಗೊತ್ತಿತ್ತು. ಆದ್ರೂ ಅಲೆ ಬಂದು ಅಳಿಸೋವರೆಗೂ ಅವನು ಅಲ್ಲಿಂದ ಏಳಲಿಲ್ಲವಂತೆ.

ಊರಿಗೆ ವಾಪಸ್ಸು ಬಂದ ಮೇಲೂ ಜನ ಬುದ್ಧಿ ಕೇಳೋಕೆ ಬರೋರಂತೆ. ಬತ್ತಿ ಬಗ್ಗೆ ಹೇಳೋನು, ಸಂತೆ ಬಗ್ಗೆ ಹೇಳೋನು, ಎಲ್ಲ ಮೊದಲಿನಂಗೇ. ಎದ್ದು ಹೊರಟವರನ್ನ ಮಾತ್ರ ಒಂದು ಗಳಿಗೆ ನಿಲ್ಲಿಸಿ ಕೇಳೋನಂತೆ. "ಮನೇಲಿ ಯಾರಾದ್ರೂ ಏನಾದ್ರೂ ಕೇಳಿ ಕಾಯ್ತಿದ್ದಾರಾ? ಇದ್ರೆ ನಾಳೆ ಬೇಡಪ್ಪ, ಇವತ್ತೇ ಹೋಗು."

ಕಾಗೆ ತುತ್ತು ತಗೊಂಡು ಹಾರಿತು, ಕಥೆ ನಿಮ್ಮ ಮಡಿಲಿಗೆ ಬಿತ್ತು. ಏಳಿ, ಒಳಗೆ ಎಲೆ ಹಾಕಿದೆ, ಹೊಟ್ಟೆ ತುಂಬ ಉಣ್ಣಿ.